ಒಂದೇ ಉರಿಗೆ ಎರಡು ಮಾತ್ರೆ

ಓರಗಿತ್ತಿಯರಿಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಅಂಗಾಲು ಉರಿ. ನೋಡಿದ ಡಾಕ್ಟರಮ್ಮನೂ ಒಬ್ಬರೇ. ಆದರೆ ಹಿರಿಯವಳಿಗೆ ಬರೆದುಕೊಟ್ಟದ್ದು ಫಿಟ್ಸಿನ ಮಾತ್ರೆ, ಕಿರಿಯವಳಿಗೆ ಮನಸ್ಸು ಕುಗ್ಗಿದವರಿಗೆ ಕೊಡುವ ಮಾತ್ರೆ. ನರದ ಉರಿಗೆ ಎರಡೂ ಆಗುತ್ತವಂತೆ. ಉರಿಯೇನೋ ಇಬ್ಬರಿಗೂ ಇಳಿಯಿತು. ಹಿರಿಯವಳ ಕಾಲು ಬಿಟ್ಟ ಉರಿ ಮಾತ್ರ ನೇರ ಹೊಟ್ಟೆ ಸೇರಿತು.

ಸೇರದೆ ಏನು ಮಾಡೀತು? ಇಬ್ಬರೂ ದುಡಿಯುವುದು ಹರಿದ ಬಟ್ಟೆಗೆ ಗುರುತು ಸಿಗದಂತೆ ರಫೂ ಮಾಡುವ ಅಂಗಡಿಯಲ್ಲಿ. ಅಲ್ಲಿ ಕಿಟಕಿ ಪಕ್ಕದ ಜಾಗ ಯಾವತ್ತೂ ಹಿರಿಯವಳದು. ನಾಜೂಕಿನ ಕೆಲಸವೆಲ್ಲ ಅಲ್ಲಿಗೇ ಬರುತ್ತಿತ್ತು. ಈಗ ಮಾತ್ರೆ ನುಂಗಿದರೆ ಬೆಳಗ್ಗೆಯೇ ತೂಕಡಿಕೆ, ಮೈಯೂ ಊದಿದ ಹಾಗೆ. ಕಿರಿಯವಳು ಮಾತ್ರ ಹೂವಿನಷ್ಟು ಹಗುರ, ಬಾಯಲ್ಲಿ ಹಾಡು ಬೇರೆ. ಅಂಗಡಿಯ ಯಜಮಾನರು ಕಪ್ಪು ಕೋಟೊಂದನ್ನು ತಂದು ಕಿರಿಯವಳ ಮಡಿಲಿಗೇ ಹಾಕಿದರು.

"ನೀನೇ ಕಿಟಕಿ ಹತ್ರ ಕೂತ್ಕೋಮ್ಮ. ಅಕ್ಕ ಸ್ವಲ್ಪ ಸುಧಾರಿಸ್ಕೊಳ್ಲಿ."

ಹಿರಿಯವಳು ಅಂದೇ ಡಾಕ್ಟರಮ್ಮನ ಮುಂದೆ ಹೋಗಿ ಕೂತಳು. "ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡಿದ್ರಲ್ಲ ತಾಯಿ. ನಂಗೂ ಅವಳ ಮಾತ್ರೆನೇ ಬರ್ಕೊಡಿ."

"ಕಣ್ಣಿನ ಸಲುವಾಗೇ ಕೊಡ್ಲಿಲ್ಲ. ನಿಮ್ಮ ಕಣ್ಣೊಳಗೆ ಒತ್ತಡ ಜಾಸ್ತಿ ಇದೆ. ಆ ಮಾತ್ರೆ ಅದನ್ನ ಇನ್ನೂ ಏರಿಸಿದ್ರೆ ದೃಷ್ಟಿಗೇ ಕುತ್ತು."

"ಅವಳ ಕಣ್ಣು?"

"ಚೆನ್ನಾಗಿದೆ."

ಅದೂ ಅವಳದೇ ಚೆನ್ನಾಗಿರಬೇಕೇ, ಎಂದು ಹಿರಿಯವಳು ಒಳಗೇ ಹಲ್ಲು ಕಡಿದಳು. ಡಾಕ್ಟರಮ್ಮ ಬೆಳಗಿನ ಮಾತ್ರೆಯ ಬಲ ತಗ್ಗಿಸಿ, ತಾನಾಗಿ ನಿಲ್ಲಿಸಕೂಡದೆಂದು ಹೇಳಿ ಕಳಿಸಿದರು.

ಮರುದಿನ ಕಿಟಕಿ ಪಕ್ಕ ಕೂತು ಕೋಟು ಹೊಲಿಯುತ್ತಲೇ ಕಿರಿಯವಳು ಕೆಣಕಿದಳು. "ನನ್ನ ಮಾತ್ರೆ ಕೇಳೋಕೆ ಹೋಗಿದ್ರಂತೆ? ತಗೊಂಡು ಹೋಗಿ ಅಕ್ಕ. ಊಟ ಸೇರಲ್ಲ, ರಾತ್ರಿ ಕಣ್ಣಿಗೆ ಕಣ್ಣು ಅಂಟಲ್ಲ. ಆಚೆ ಕೋಣೇಲಿ ನೀವು ಗೊರಕೆ ಹೊಡೀತಿದ್ರೆ, ಎದ್ದು ಬಂದು ಮೂಗು ಹಿಂಡೋಣ ಅನ್ಸತ್ತೆ."

"ಮತ್ತೆ ಆ ಹಾಡು?"

"ರಾತ್ರಿ ಬಾರದ ನಿದ್ದೆ ಹಗಲು ಬರತ್ತೆ, ತಡೆಯೋಕೆ ಹಾಡದೆ ಇನ್ನೇನು ಮಾಡ್ಲಿ?"

ತನ್ನ ನಿದ್ದೆಗೂ ಹೊಟ್ಟೆಕಿಚ್ಚು ಪಡುವವರಿದ್ದಾರೆಂದು ಹಿರಿಯವಳಿಗೆ ಗೊತ್ತೇ ಇರಲಿಲ್ಲ. ಹಬೆಯಾಡುವ ಅನ್ನ ಉಂಡಷ್ಟು ಹಿತವಾಯಿತು. ಮಾತ್ರೆಯ ಮಂಪರು ಅಂದು ಕಡಿಮೆಯಿತ್ತು. ಕಿರಿಯವಳ ಕೈಯಲ್ಲಿದ್ದ ಕೋಟಿನ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. ನೇಯ್ಗೆಯಲ್ಲಿ ಒಂದೆಳೆ ದಾಟಿಹೋಗಿತ್ತು.

"ಇದೇನೇ, ಎಳೆ ತಪ್ಪಿದೆ."

"ಎಲ್ಲಿ? ನಂಗೇನೂ ಕಾಣ್ತಿಲ್ಲ."

"ಅಲ್ಲಿಂದ ಏಳು, ತೋರಿಸ್ತೀನಿ."