ಎರಡು ಹೊಟ್ಟೆಯ ಗಾಡಿ

"ಸುಮ್ಕೆ ನೀರು ಎರಚ್ಬ್ಯಾಡ ಕಣೇ ಮುಂಡೇದೆ, ಉಜ್ಜು. ಉಗುರು ಹಾಕಿ ಉಜ್ಜು. ನಿಮ್ಮೋರ ಹೊಲಸ ಇನ್ಯಾರು ಬಂದು ತೆಗೀತಾರೆ?"

ಧಣಿಯ ಹೆಂಡತಿ ದ್ರಾಕ್ಷಾಯಣಮ್ಮ ಜಗಲಿಯ ತುದಿಯಲ್ಲಿ ನಿಂತು ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು. ಕೆಳಗೆ ಅಂಗಳದಲ್ಲಿ, ಬಾಗಿಲು ಎಳೆದು ತೆರೆದಿದ್ದ ವ್ಯಾನಿನೊಳಗೆ ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಚಿತ್ತಮ್ಮ ಉಜ್ಜುತ್ತಿದ್ದಳು. ಕೈಯಲ್ಲಿ ತೆಂಗಿನ ನಾರಿನ ಉಂಡೆ, ಪಕ್ಕದಲ್ಲಿ ಸೋಪಿನ ನೀರಿನ ಬಕೆಟ್ಟು. ಕೆಲಸವೇನೂ ಹೊಸದಲ್ಲ. ವಾರಕ್ಕೊಮ್ಮೆ ಈ ಗಾಡಿ ತೊಳೆಯುವುದು ಅವಳ ಪಾಲಿನ ಬಿಟ್ಟಿ ಚಾಕರಿಗಳಲ್ಲೊಂದು. ಕೊಬ್ಬರಿ ಧೂಳು, ಕುರಿಗೊಬ್ಬರ, ಧಣಿಯ ಮೊಮ್ಮಕ್ಕಳ ಬಿಸ್ಕತ್ತಿನ ಪುಡಿ, ಎಲ್ಲವನ್ನೂ ತೊಳೆದವಳೇ. ಇವತ್ತಿನದು ಮಾತ್ರ ಬಿಡುತ್ತಿರಲಿಲ್ಲ. ಹೋಯಿತು ಅಂದುಕೊಂಡರೆ ಸೀಟಿನ ಹೊಲಿಗೆಯ ಸಂದಿಯಿಂದ ಮತ್ತೆ ಕಂದು ನೀರು ಜಿನುಗುತ್ತಿತ್ತು.

ಅದು ಅವಳ ಸೊಸೆ ಯಮುನಾಳ ರಕ್ತ.

ಅಂಗಳದಾಚೆ ಕಾಯಿಸಿಪ್ಪೆಯ ರಾಶಿಯ ನೆರಳಲ್ಲಿ, ಮಂಕರಿಯೊಳಗೆ ಹಳೇ ಸೀರೆ ಹಾಸಿ ಮಲಗಿಸಿದ್ದ ಕೂಸು ಕಿರುಗುಟ್ಟಿತು. ಚಿತ್ತಮ್ಮನ ಕೈ ನಿಂತಿತು.

"ಅತ್ಕೊಳ್ಳಿ ಬುಡು, ಸತ್ತೋಗಲ್ಲ. ಮೊದ್ಲು ಇದ ಮುಗ್ಸು. ಆಮ್ಯಾಕೆ ಒಳಗೆಲ್ಲ ಗಂಜ್ಳ ಚಿಮುಕ್ಸು."

"ಆಗ್ಲಿ ಅಮ್ಮಾರೆ."

ಧಣಿ ಮರುಳಸಿದ್ದಯ್ಯ ಹಣೆ ತುಂಬ ವಿಭೂತಿ ಬಳಿದುಕೊಂಡು ಹೊರಗೆ ಬಂದ. ಹಟ್ಟಿಯ ಸುತ್ತ ಕಣ್ಣು ಹಾಯುವ ತನಕ ಇರುವ ತೆಂಗೆಲ್ಲ ಅವನದೇ. ಕೊಬ್ಬರಿ ಶೆಡ್ಡು ಅವನದು. ಹಟ್ಟಿಯ ಗಂಡಸರು ಕಾಯಿ ಕೆಡವುವುದೂ ಹೆಂಗಸರು ಕೊಬ್ಬರಿ ಒಡೆಯುವುದೂ ಅವನ ಮಾತಿನಂತೆಯೇ.

"ಮುಗೀತೇನೆ ಚಿತ್ತಿ? ಬಿಳಿಗೆರೆ ಶ್ರೀರಂಗಯ್ಯ ಬತ್ತಾವ್ನೆ ಗಾಡಿ ನೋಡಕ್ಕೆ. ತಿಪಟೂರು ಇಸ್ಕೂಲಿಗೆ ಮಕ್ಕಳ ಸಾಗಿಸ್ತಾನಂತೆ. ವಾಸ್ನೆ ಗೀಸ್ನೆ ಬಂತೋ, ನೋಡು ಮತ್ತೆ." ಆಮೇಲೆ ಗಾಡಿಯ ಮುಂದೆ ಬಟ್ಟೆ ಹಿಡಿದು ಗಾಜು ಒರೆಸುತ್ತಿದ್ದ ಅವಳ ಮಗನ ಕಡೆ ತಿರುಗಿದ. "ಲೇ ಈರೇಶ, ಅವ್ನು ಕೇಳಿದ್ರೆ ಏನಂತೀಯ?"

"ಚೆನ್ನಾಗೈತೆ ಅಂತೀನಿ ಬುದ್ದಿ."

"ಆ ಸತ್ತ ದನೀಲಲ್ಲ ಕಣ್ಲಾ ಬೋಳಿಮಗನೆ, ಎದೆ ಮ್ಯಾಲೆ ಕೈಯಿಟ್ಕೊಂಡು ಅನ್ನು. ನಿನ್ ಲೈಸೆನ್ಸು ಎಲ್ಲೈತೆ?"

"ನಿಮ್ ಬೀರಿನಾಗೆ ಬುದ್ದಿ."

"ಗ್ಯಾಪಕ ಇರ್ಲಿ."

ಗಾಡಿಯನ್ನು ತುಮಕೂರಿನಲ್ಲಿ ಯಾರೋ ಓಡಿಸಿ ಸಾಕಾಗಿ ಮಾರಿದ್ದರು. ಪೆಟ್ರೋಲಿಗೂ ಓಡುತ್ತದೆ, ಗ್ಯಾಸಿಗೂ ಓಡುತ್ತದೆ ಎಂದು ಮರುಳಸಿದ್ದಯ್ಯ ಊರೆಲ್ಲ ಹೇಳಿಕೊಂಡು ಬಂದ. ಸ್ಟೇರಿಂಗಿನ ಪಕ್ಕ ಒಂದು ಗುಂಡಿ. ಮೇಲಕ್ಕೆ ಒತ್ತಿದರೆ ಪೆಟ್ರೋಲು, ಕೆಳಕ್ಕೆ ಒತ್ತಿದರೆ ಗ್ಯಾಸು. ಹಿಂದಿನ ಸೀಟಿನ ಬೆನ್ನಿಗೆ ಅಡುಗೆಮನೆಯ ಕೆಂಪು ಸಿಲಿಂಡರನ್ನು ಮಲಗಿಸಿ ಹಗ್ಗ ಬಿಗಿದಿದ್ದರು. ಹಟ್ಟಿಯ ಜನ ಅದಕ್ಕೆ ಎರಡು ಹೊಟ್ಟೆ ಗಾಡಿ ಎಂದು ಹೆಸರಿಟ್ಟರು.

ಅಂಥ ಗಾಡಿಯನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಇಂಜಿನ್ನು ಬಿಸಿಯಾದ ಮೇಲೆ ಗ್ಯಾಸಿಗೆ ತಿರುಗಿಸಬೇಕು. ಮಾರಿದವನು ಅಷ್ಟನ್ನು ಬಾಯಿಬಿಟ್ಟು ಹೇಳಿದ್ದ. ಮರುಳಸಿದ್ದಯ್ಯ ಪೆಟ್ರೋಲ್ ಬಂಕಿನ ಕಡೆ ತಲೆಯನ್ನೇ ಹಾಕಲಿಲ್ಲ. "ಒಂದು ಹೊಟ್ಟೆ ತುಂಬಿದ್ರೆ ಸಾಕು ಕಣ್ಲಾ. ಎರಡಕ್ಕೂ ಯಾಕೆ ಸುರೀಲಿ?" ಎಂದ. ಬರೀ ಗ್ಯಾಸು ಕುಡಿದು ಕುಡಿದು ಇಂಜಿನ್ನು ಒಳಗೇ ಬೆಂದಿತು. ಪೆಟ್ರೋಲಿನ ಪೈಪು ಒಣಗಿ ಕಟ್ಟಿಕೊಂಡಿತು. ಏರು ಬಂದರೆ ಏದುಸಿರು, ತಣ್ಣಗಿದ್ದರೆ ಮುಕ್ಕಿ ಮುಕ್ಕಿ ಎದ್ದೇಳುವುದು, ಬಿಸಿಯಲ್ಲಿ ನಿಲ್ಲಿಸಿದರಂತೂ ಏನು ಮಾಡಿದರೂ ಹಿಡಿಯದು.

ಈರೇಶ ಅದನ್ನು ತಿಪಟೂರಿಗೆ ಒಯ್ದು ಮೆಕ್ಯಾನಿಕ್ ದಯಾನಂದನಿಗೆ ತೋರಿಸಿದ್ದ. ದಯಾನಂದ ಮುಂದಿನ ಸೀಟು ಎತ್ತಿ ಅದರಡಿಯ ಇಂಜಿನ್ನು ನೋಡಿ, "ವಾಲ್ವು ಸುಟ್ಟೋಗಿದೆ ಗುರೂ, ಹೆಡ್ಡು ಬಿಚ್ಚಬೇಕು. ಗ್ಯಾಸ್ ಕಿಟ್ಟಿನ ರಬ್ಬರ್ರು ಹರಿದಿದೆ. ಪೆಟ್ರೋಲ್ ಲೈನ್ ಪೂರ್ತಿ ಹೊಸದು ಹಾಕಬೇಕು. ನಿಮ್ಮ ಧಣಿಗೆ ಹೇಳು, ಈಗ ಮಾಡಿಸಿದರೆ ಇಷ್ಟಕ್ಕೆ ಹೋಗ್ತದೆ, ಆಮೇಲೆ ಗಾಡಿ ಬೆಲೆಯೇ ಬೇಕಾಗ್ತದೆ" ಎಂದ.

ಮರುಳಸಿದ್ದಯ್ಯ ಕೇಳಿ ನಕ್ಕ. "ಎರಡು ಚೀಲ ಕೊಬ್ಬರಿ ದುಡ್ಡು ನುಂಗ್ತದಾ ಈ ಡಬ್ಬ? ಎದ್ಮೇಲೆ ಓಡ್ತದಲ್ಲ?"

"ಓಡ್ತದೆ ಬುದ್ದಿ. ಬಿಸೀಲಿ ಆಫ್ ಮಾಡಿದ್ರೆ ಮತ್ತೆ ಹಿಡ್ಯಲ್ಲ."

"ಹಂಗಾದ್ರೆ ಆಫ್ ಮಾಡ್ಬ್ಯಾಡ."

ಅಲ್ಲಿಗೆ ರಿಪೇರಿ ಮುಗಿಯಿತು.

ಒಂದು ದಿನ ಏನಾಗಿದೆಯೋ ಎಂದು ಸೀಟು ಎತ್ತಿ ಬಗ್ಗಿದ್ದ ಈರೇಶನ ಮುಖಕ್ಕೆ ಗ್ಯಾಸು ಢಬ್ಬೆಂದು ಉರಿ ಕಾರಿತು. ಮೊಣಕೈ ತನಕ ಬೊಬ್ಬೆ, ಹುಬ್ಬೆರಡೂ ಇಲ್ಲ. ಆಗ ಬಸುರಿಯಾಗಿದ್ದ ಯಮುನಾ ಗಂಡನ ಕೈಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ನೋಡತ್ತೆ, ನಿಮ್ ಮಗ ಜುಟ್ಟು ಕಿತ್ತ ಕಾಯಿ ಹಂಗೆ ಕಾಣ್ತಾವ್ನೆ" ಎಂದು ನಗಿಸಿದಳು. ನಗಿಸಿದವಳೇ ಮಾರನೆಯ ದಿನ ಹುಳಿಯಾರಿನಿಂದ ಒಂದು ನೀಲಿ ಇನ್‌ಲ್ಯಾಂಡ್ ಕಾಗದ ತರಿಸಿ, ಹೊಸ್ತಿಲ ಮೇಲೆ ಕೂತು ಸಾರಿಗೆ ಆಫೀಸಿಗೆ ಬರೆದಳು. ಏಳನೇ ಕ್ಲಾಸು ಓದಿದವಳು. ಹಟ್ಟಿಯ ರಾತ್ರಿ ಶಾಲೆಯಲ್ಲಿ ತಲೆ ನರೆತ ಮೇಲೆ ಅಕ್ಷರ ಕಲಿತ ಅತ್ತೆಗೆ ಓದಿ ಹೇಳಿದಳು.

ಈರೇಶ ಕೆರಳಿದ. "ತಿನ್ನೋ ಅನ್ನ ಕಿತ್ಕಂತೀಯೇನೆ?"

"ನಾನೇನು ಧಣೀರ್ನ ಬೈದಿಲ್ಲ. ಗಾಡಿ ವಿಚಾರ ಬರ್ದಿವ್ನಿ."

"ಗಾಡಿ ಅವರ್ದಲ್ವೇನೆ?"

ಚಿತ್ತಮ್ಮ ಕಾಗದವನ್ನು ಸೊಸೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ರಾಗಿಹಿಟ್ಟಿನ ಡಬ್ಬದಲ್ಲಿಟ್ಟಳು. "ಬಾಣಂತನ ಮುಗೀಲವ್ವ. ಆಮ್ಯಾಲೆ ನೋಡಾನ."

"ಮುಗಿದ್ಮ್ಯಾಲೆ ನಾನೇ ಹೋಗಿ ಹಾಕ್ತೀನಿ ಬುಡತ್ತೆ," ಎಂದಿದ್ದಳು ಯಮುನಾ.

ಅವರ ಹಟ್ಟಿಯಲ್ಲಿ ಹೆರುವ ಹೆಂಗಸು ಒಳಗಿರುವ ಹಾಗಿಲ್ಲ. ಮುಳ್ಳುಬೇಲಿಯ ಹೊರಗೆ ಗರಿ ಹೊದಿಸಿದ ಗುಡಿಸಲು. ಯಮುನಾ ಅಲ್ಲಿಯೇ ಹೆತ್ತಳು. ಕೂಸೇನೋ ಕಿರುಚಿಕೊಂಡೇ ಬಂತು, ತಾಯಿಯ ರಕ್ತ ನಿಲ್ಲಲಿಲ್ಲ. ಹಾಸಿದ್ದ ಕಂಬಳಿ ನೆನೆದು ನೆಲ ನೆನೆಯಿತು. ಅಷ್ಟರಲ್ಲಿ ತಿಪಟೂರಿನಲ್ಲಿ ಕೊಬ್ಬರಿ ಇಳಿಸಿ ಬಂದಿದ್ದ ಈರೇಶ ಗಾಡಿಯನ್ನು ನೇರ ಗುಡಿಸಲ ಬಾಗಿಲಿಗೇ ತಂದ. ಇಂಜಿನ್ನು ಆಡುತ್ತಿತ್ತು. ಹತ್ತಿಸಿಕೊಂಡು ಹೊರಟಿದ್ದರೆ ಹುಳಿಯಾರಿನ ಆಸ್ಪತ್ರೆ ದೂರವೇನಲ್ಲ.

ಹಟ್ಟಿಯ ಪೂಜಾರಿ ಬೆಟ್ಟಸ್ವಾಮಿ ಬೇಲಿಯೊಳಗಿನಿಂದಲೇ ಕೋಲು ಚಾಚಿ ತಡೆದ. "ಗಾಡಿ ಮುಂದೆ ದೇವ್ರ ಪಟ ಐತೆ ಕಣ್ಲಾ. ಅದ ಇಳಿಸ್ದೆ ಸೂತಕದೋಳ್ನ ಹತ್ತಿಸ್ಬ್ಯಾಡ."

ಈರೇಶ ಪಟಕ್ಕೆ ಕೈ ಹಾಕಿದ.

"ಉರಿಯೋ ಇಂಜಿನ್ ಮ್ಯಾಲಿಂದ ಎತ್ತೀಯೇನ್ಲಾ? ಅದೇನು ತಟ್ಟೆಯಾ? ನಿಲ್ಸು, ಕಾಯಿ ಒಡಿ, ಆಮ್ಯಾಲೆ ಎತ್ತು. ಆ ಕೂಸು ಬದುಕಬೇಕೋ ಬ್ಯಾಡ್ವೋ?"

"ಆಫ್ ಮಾಡಿದ್ರೆ ಹಿಡ್ಯಲ್ಲ ಕಣಣ್ಣ," ಎಂದ ಈರೇಶ. ಅಳುವಂತಿದ್ದ. ಎಲ್ಲರೂ ಚಿತ್ತಮ್ಮನ ಮುಖ ನೋಡಿದರು. ಆ ಮನೆಗೆ ಹಿರಿಯಳು ಅವಳೇ. ಅವಳ ಸೆರಗಿನೊಳಗೆ ಆಗ ತಾನೆ ಹುಟ್ಟಿದ ಕೂಸು ಬೆಚ್ಚಗೆ ಮಿಸುಕುತ್ತಿತ್ತು.

"ಒಂದ್ ಗಳಿಗೆ ಆಫ್ ಮಾಡ್ಲಾ ಮಗ," ಎಂದಳು.

ಮಗ ಅವ್ವನ ಮಾತು ಕೇಳಿದ.

ಕಾಯಿ ಸಮವಾಗಿ ಎರಡು ಹೋಳಾಯಿತು. ಒಳ್ಳೇದಾಯ್ತದೆ ಎಂದು ಯಾರೋ ಅಂದರು. ಯಮುನಾಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಈರೇಶ ಕೀಲಿ ತಿರುಗಿಸಿದ. ಗಾಡಿ ಕೆಮ್ಮಿತು. ಮತ್ತೆ ತಿರುಗಿಸಿದ, ಮತ್ತೆ ಕೆಮ್ಮಿತು. ತಿರುಗಿಸಿ ತಿರುಗಿಸಿ ಬ್ಯಾಟರಿ ಇಳಿದು ಕೆಮ್ಮೂ ನಿಂತಿತು. "ತಳ್ರಪ್ಪಾ, ನಿಮ್ ಕಾಲಿಗೆ ಬೀಳ್ತೀನಿ" ಎಂದ. ಗಂಡಸರು ಬೇಲಿ ದಾಟಲಿಲ್ಲ. ಸೂತಕದ ಗಾಡಿ ಮುಟ್ಟಿದರೆ ದೇವರ ಗುಡಿಯತ್ತ ಹೋಗುವ ಹಾಗಿಲ್ಲ. ಹೆಂಗಸರೇ ಸೀರೆ ಎತ್ತಿ ಕಟ್ಟಿ ತಳ್ಳಿದರು. ಮರಳಿನ ಓಣಿ, ಚಕ್ರ ಹೂತುಕೊಳ್ಳುತ್ತಿತ್ತು.

"ಅತ್ತೆ," ಎಂದಳು ಒಳಗಿಂದ ಯಮುನಾ. ಚಿತ್ತಮ್ಮ ಕೂಸಿನ ಸಮೇತ ಬಗ್ಗಿದಳು. "ಗುಂಡಿ ಮ್ಯಾಲಕ್ ಒತ್ತಕ್ ಹೇಳಿ ಅತ್ತೆ. ಪೆಟ್ರೋಲಿಗೆ."

ಈರೇಶ ಒತ್ತಿದ. ಟ್ಯಾಂಕಿನಲ್ಲಿ ಪೆಟ್ರೋಲಿನ ವಾಸನೆಯೂ ಇರಲಿಲ್ಲ. ಆದರೂ ಅವಳು ಹೇಳಿದಳೆಂದು ಮತ್ತೆ ಮತ್ತೆ ಒತ್ತಿದ.

ಬೋರನಕಣಿವೆ ನಾಲೆಯ ಮೋರಿಯ ತನಕ ತಳ್ಳಿಕೊಂಡು ಬಂದಾಗ ಒಳಗಿನ ನರಳಾಟ ನಿಂತಿತ್ತು. ಹೆಂಗಸರಿಗೆ ತಿಳಿಯಿತು. ತಿಳಿದ ಮೇಲೂ ಇನ್ನೊಂದಷ್ಟು ದೂರ ತಳ್ಳಿದರು.

ಸೀಟು ಹಾಳಾಯಿತು, ಇಂಜಿನ್ನು ಹಾಳಾಯಿತು, ಗಾಡಿ ಮೈಲಿಗೆಯಾಯಿತು ಎಂದು ಮರುಳಸಿದ್ದಯ್ಯ ಈರೇಶನ ಲೈಸೆನ್ಸು ಕಿತ್ತುಕೊಂಡು ಬೀರಿಗೆ ಹಾಕಿದ. ಆ ನಷ್ಟ ತೀರುವ ತನಕ ಸಂಬಳವಿಲ್ಲದೆ ದುಡಿಯಬೇಕು. ಹೆಂಡತಿಯ ತಿಥಿ ಮುಗಿಸಿ ಬಂದವನು ತಲೆಯಾಡಿಸಿದ.

ಶ್ರೀರಂಗಯ್ಯ ಸ್ಕೂಟರಿನಲ್ಲಿ ಬಂದಿಳಿಯುವ ಮುಂಚೆ ಮರುಳಸಿದ್ದಯ್ಯ ತಾನೇ ಒಂದು ಕ್ಯಾನು ಹಿಡಿದು ಹೊರಗೆ ಬಂದು, ಟ್ಯಾಂಕಿನ ಬಾಯಿಗೆ ಸುರಿದ. ಅಂಗಳಕ್ಕೆಲ್ಲ ಪೆಟ್ರೋಲಿನ ವಾಸನೆ ಹಬ್ಬಿತು. ಹಿಂದಿನ ದಿನವೇ ಯಾವನನ್ನೋ ಕರೆಸಿ ಬ್ಯಾಟರಿ ಚಾರ್ಜು ಮಾಡಿಸಿ, ಪೆಟ್ರೋಲಿನ ಪೈಪು ಊದಿಸಿ, ಇಂಜಿನ್ನಿನ ಸದ್ದು ಅಡಗಲೆಂದು ಗಟ್ಟಿ ಆಯಿಲ್ಲು ಹುಯ್ಯಿಸಿದ್ದ.

"ಎಬ್ಬಿಸ್ಲಾ ಈರೇಶ."

ಈರೇಶ ಕೂತು ಗುಂಡಿಯನ್ನು ಮೇಲಕ್ಕೊತ್ತಿದ. ಕೀಲಿಗೆ ಕೈ ಹಾಕಿದ. ತಿರುಗಿಸಿದ.

ಗಾಡಿ ಒಂದೇ ಸಲಕ್ಕೆ ಎದ್ದಿತು.

ಚಿತ್ತಮ್ಮ ನಾರಿನ ಉಂಡೆ ಹಿಡಿದು ನಿಂತಿದ್ದಳು. ಮಗನ ಕಡೆ ನೋಡಿದಳು. ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟಿದ್ದ. ಇಷ್ಟೇ ಪೆಟ್ರೋಲು. ಒಂದು ಕ್ಯಾನು.

ಶ್ರೀರಂಗಯ್ಯ ಸುತ್ತು ಹಾಕಿ ಟೈರು ಒದ್ದು ನೋಡಿದ. ಸೀಟಿಗೆ ಕೈಯಿಟ್ಟ. "ಇದ್ಯಾಕೆ ಒದ್ದೆ ಯಜಮಾನ್ರೆ?"

"ಮೊಮ್ಮಗ ವಾಂತಿ ಮಾಡ್ಕೊಂಡಿದ್ದ. ಮಕ್ಳು ಕಣಪ್ಪ."

"ನೀನೇಳಪ್ಪ ಡ್ರೈವರೆ, ಹೆಂಗೈತೆ ಗಾಡಿ?"

ಈರೇಶ ಎದೆಯ ಮೇಲೆ ಕೈಯಿಟ್ಟುಕೊಂಡ. "ಚೆನ್ನಾಗೈತೆ ಸ್ವಾಮಿ," ಎಂದ.

"ವಾಂತಿ ಅಲ್ಲ," ಎಂದಳು ಚಿತ್ತಮ್ಮ. ಯಾರೂ ಅವಳ ಕಡೆ ನೋಡಿರಲಿಲ್ಲ, ಈಗ ನೋಡಿದರು. "ಅದು ನನ್ ಸೊಸೆ ರಕ್ತ. ಗ್ಯಾಸಲ್ಲಿ ಆಫ್ ಮಾಡಿದ್ರೆ ಈ ಗಾಡಿ ಹಿಡ್ಯಲ್ಲ. ಹಿಡೀದೆ ಇದರೊಳಗೇ ಹೋದ್ಲು. ಒಳಗೆಲ್ಲ ಸುಟ್ಟೈತೆ. ಇದರಾಗೆ ಮಕ್ಕಳ ತುಂಬ್ಬ್ಯಾಡಿ ಸ್ವಾಮಿ, ಸಿಲಿಂಡ್ರು ಅವುಗಳ ಬೆನ್ನಿಗೇ ಐತೆ."

ಶ್ರೀರಂಗಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡ. ಮರುಳಸಿದ್ದಯ್ಯನ ಹೆಗಲು ಹಿಡಿದು ಶೆಡ್ಡಿನ ಮರೆಗೆ ಕರೆದುಕೊಂಡು ಹೋದ. ಹೊರಗೆ ಬಂದಾಗ ನಗುತ್ತಿದ್ದ.

"ಐದು ಸಾವ್ರ ಕಮ್ಮಿ ಮಾಡವ್ರೆ," ಎಂದು ಈರೇಶನಿಗೆ ಹೇಳಿದ. "ಸೀಟಿಗೆ ಬ್ಯಾರೆ ಕವರು ಹಾಕ್ಸಿದ್ರಾಯ್ತು. ಬಿಳಿಗೆರೆಗೆ ಓಡಿಸ್ಕೊಂಡು ಬಾ, ನಾನು ಮುಂದೆ ಸ್ಕೂಟ್ರಲ್ಲಿ ಇರ್ತೀನಿ."

ಮರುಳಸಿದ್ದಯ್ಯ ಬಕೆಟ್ಟನ್ನು ಒದ್ದ. ಕಂದು ನೀರು ಚಿತ್ತಮ್ಮನ ಸೀರೆಯ ಮೇಲೆ ಚೆಲ್ಲಿತು. "ನಿನ್ ನಾಲಗೆ ಸೇದೋಗ. ಇದ ನಿನ್ ಮಗನ ಚರ್ಮದಾಗೆ ವಸೂಲಿ ಮಾಡ್ತೀನಿ ಕಣೇ ಲೌಡಿ."

ಗಾಡಿ ಹೊರಡುವಾಗ ಈರೇಶ ಅವ್ವನ ಪಕ್ಕ ನಿಲ್ಲಿಸಿದ. ಇಂಜಿನ್ನು ಆಫ್ ಮಾಡಲಿಲ್ಲ. ಅಂಗಿಯ ಜೇಬಿನಲ್ಲಿ ಅವತ್ತು ಎತ್ತಿದ ದೇವರ ಪಟ ಇನ್ನೂ ಇತ್ತು, ತುದಿ ಕಾಣುತ್ತಿತ್ತು. "ಕೂಸಿಗೆ ಹಾಲು ಕುಡ್ಸವ್ವ," ಎಂದು ಹೊರಟುಹೋದ.

ಚಿತ್ತಮ್ಮ ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಒಳಲೆಯಲ್ಲಿ ಹಾಲು ಹಾಕಿದಳು. ಕೂಸು ನಿದ್ದೆ ಹೋದ ಮೇಲೆ ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿದಳು. ಹಿಟ್ಟು ಕೊಡವಿ, ನೀಲಿ ಕಾಗದ ಬಿಡಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಸೊಸೆಯ ಅಕ್ಷರಗಳು ದುಂಡಗಿದ್ದವು.

"ಮಾನ್ಯ ಸಾಹೇಬರಿಗೆ ಯಮುನಾ ಮಾಡುವ ನಮಸ್ಕಾರ. ನಮ್ಮ ಮನೆಯವರು ಓಡಿಸುವ ಗಾಡಿಯಲ್ಲಿ ಮನೆಯ ಗ್ಯಾಸು ಇಟ್ಟಿದ್ದಾರೆ. ಅವರ ಮುಖ ಸುಟ್ಟಿದೆ. ಧಣಿಗಳು ರಿಪೇರಿ ಮಾಡಿಸುವುದಿಲ್ಲ. ಯಾರಿಗಾದರೂ ಏನಾದರೂ ಆಗುವ ಮುಂಚೆ ದಯಮಾಡಿ ಬಂದು ನೋಡಿ."

ಕೆಳಗೆ ಜಾಗವಿತ್ತು. ಚಿತ್ತಮ್ಮ ಪೆನ್ಸಿಲು ಹುಡುಕಿ, ಒಂದೊಂದೇ ಅಕ್ಷರ ಕೂಡಿಸಿ ಬರೆದಳು.

"ಇದನ್ನು ಬರೆದವಳು ಈಗ ಇಲ್ಲ. ಗಾಡಿ ಇದೆ. ಬಿಳಿಗೆರೆ ಶ್ರೀರಂಗಯ್ಯನ ಮನೆಯಲ್ಲಿದೆ. ಅದರಲ್ಲಿ ಮಕ್ಕಳು ಹೋಗುತ್ತವೆ. ಚಿತ್ತಮ್ಮ, ಅತ್ತೆ."

ಅಂಬಲಿಯ ಅಂಟು ಸವರಿ ಮುಚ್ಚಿದಳು. ಕೂಸನ್ನು ಕಂಕುಳಿಗೆ ಹಾಕಿಕೊಂಡು ಹೊರಟಳು.

ಅಂಚೆ ಡಬ್ಬ ಇರುವುದು ಬಸ್ಸು ನಿಲ್ಲುವ ಕಡೆ, ಮರುಳಸಿದ್ದಯ್ಯನ ಕೊಬ್ಬರಿ ಶೆಡ್ಡಿನ ಗೋಡೆಗೆ. ಅವನು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಏನೇ ಅದು ಕೈಯಾಗೆ?"

"ನನ್ ಸೊಸೆ ಕಾಗ್ದ."

"ಸತ್ತೋಳು ಯಾರಿಗೆ ಬರ್ದವ್ಳೆ?"

ಚಿತ್ತಮ್ಮ ಬುದ್ದಿ ಎಂದು ಅನ್ನಲಿಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, ಡಬ್ಬದ ಬಾಯಿಗೆ ಕಾಗದವನ್ನು ಇಟ್ಟು ಬಿಟ್ಟಳು. ತಳಕ್ಕೆ ಬಿದ್ದ ಸದ್ದು ಕೇಳಿಸಿತು.

ಮರುಳಸಿದ್ದಯ್ಯ ಎದ್ದು ಬಂದ. ಡಬ್ಬದ ಬಾಯೊಳಗೆ ಬೆರಳು ತೂರಿಸಿದ, ಎಟುಕಲಿಲ್ಲ. ಬೀಗ ಹಿಡಿದು ಅಲ್ಲಾಡಿಸಿದ. ಅದರ ಕೀಲಿ ಅವನ ಬೀರಿನಲ್ಲಿ ಇರಲಿಲ್ಲ.