ಹದಿನಾಲ್ಕನೇ ಪುಟದ ಕತ್ತರಿ

"ಹದಿನಾಲ್ಕು!" ಅಡುಗೆಮನೆಯಿಂದ ಸೋದರತ್ತೆ ಕೂಗಿದಳು. "ಇವತ್ತೂ ಹದಿನಾಲ್ಕನೇ ಪುಟನೇ ಕಣೇ ಎಡಚಿ. ಅದೂ ಕೊನೇ ಸಾಲು. ಮೇಲೆ ಇಲಿ ಬೋನು, ಪಕ್ಕದಲ್ಲಿ ಶೂ ಲೇಸು, ಕೊನೇಗೆ ನಮ್ಮ ಕತ್ತರಿ. ಕರೀದೇ ಬಂದ ನೆಂಟನ ಹಾಗೆ ಮೂಲೇಲಿ ನಿಂತಿದೆ, ಪಾಪ!"

ಹಲ್ಲುಜ್ಜುತ್ತಿದ್ದ ಎಡಚಿ ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿಬಂದಳು. ಅತ್ತೆಯ ಫೋನಿನಲ್ಲಿ ಅಪ್ಪ ಮಾಡಿದ ಕತ್ತರಿ ಹೆಬ್ಬೆರಳ ಉಗುರಿನಷ್ಟು ಸಣ್ಣದಾಗಿ ಮಲಗಿತ್ತು. ಏಳು ಬಾಗಿಲ ಆಚೆ ರಾಜಕುಮಾರಿಯನ್ನು ಕೂಡಿಹಾಕಿದ ಕಥೆಗಳನ್ನು ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳಿ ಬೆಳೆದವಳು ಅವಳು. ಹದಿನಾಲ್ಕು ಬಾಗಿಲ ಕಥೆಯನ್ನು ಯಾರೂ ಹೇಳಿರಲಿಲ್ಲ. ಆನ್‌ಲೈನ್ ಮಾರುಕಟ್ಟೆಯಲ್ಲಿ ಎರಡನೇ ಬಾಗಿಲು ದಾಟುವ ಗಿರಾಕಿಯೇ ಅಪರೂಪ. ಇನ್ನು ಹದಿನಾಲ್ಕನೆಯದಕ್ಕೆ ಯಾವ ರಾಜಕುಮಾರ ಬಂದಾನು?

ಅವತ್ತು ಸೋಮವಾರ. ಉಳಿದಿದ್ದು ಐದೇ ದಿನ. ಶನಿವಾರದೊಳಗೆ ಹೊರಗಿನ ಗಿರಾಕಿಗಳು ಈ ಕತ್ತರಿಯನ್ನು ಕೇಳಿಕೊಂಡು ಬರದಿದ್ದರೆ ಕತ್ತರಿ ಮಸೆಯುವ ಸಾಣೆಮನೆಯ ಬೀಗದ ಕೈ ಚಿಕ್ಕಪ್ಪನ ಕೈಗೆ ಎಂದು ಅಪ್ಪ ಮಾತು ಕೊಟ್ಟುಬಿಟ್ಟಿದ್ದ. ಚಿಕ್ಕಪ್ಪನದು ಪರದೆ ಬಟ್ಟೆಯ ಅಂಗಡಿ, ಥಾನುಗಳನ್ನು ಇಡಲು ಅವನಿಗೆ ಜಾಗ ಸಾಲುತ್ತಿರಲಿಲ್ಲ. ಸಾಣೆಯ ಚಕ್ರ ಗುಜರಿಗೆ ಹೋಗುವುದು, ಅಪ್ಪ ತಮ್ಮನ ಅಂಗಡಿಯಲ್ಲಿ ಪರದೆ ಅಳೆದುಕೊಂಡು ಕೂರುವುದು ಎಂದು ಅಣ್ಣತಮ್ಮಂದಿರು ಜಗಳವಿಲ್ಲದೆ, ನಗುನಗುತ್ತಲೇ ತೀರ್ಮಾನಿಸಿದ್ದರು. ಆ ನಗುವೇ ಎಡಚಿಗೆ ನುಂಗಲಾರದ ತುತ್ತಾಗಿತ್ತು.

ಕಾರ್ಖಾನೆಯ ಕತ್ತರಿಗಳು ಬಂದ ಮೇಲೆ ಅಪ್ಪನ ಸಾಮಾನ್ಯ ಕತ್ತರಿಗಳನ್ನು ಕೇಳುವವರಿರಲಿಲ್ಲ. ಆದರೆ ಅವನು ಮಾಡುವ ಒಂದು ಕತ್ತರಿಯನ್ನು ಕಾರ್ಖಾನೆಯವರು ಮಾಡುವುದು ಅಪರೂಪ, ಮಾಡಿದರೂ ಹಿಡಿಕೆಯನ್ನಷ್ಟೇ ತಿರುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಅದು ಎಡಗೈಯವರ ಕತ್ತರಿ. ಹಿಡಿಕೆ ತಿರುಗಿಸಿದರೆ ಸಾಲದು, ಅಲಗುಗಳೇ ಅದಲುಬದಲಾಗಬೇಕು. ಇಲ್ಲದಿದ್ದರೆ ಮೇಲಿನ ಅಲಗು ಕತ್ತರಿಸಬೇಕಾದ ಗೆರೆಯನ್ನು ಮುಚ್ಚಿಬಿಡುತ್ತದೆ, ಹೆಬ್ಬೆರಳು ಒತ್ತಿದಷ್ಟೂ ಅಲಗುಗಳು ದೂರವಾಗಿ ಬಟ್ಟೆ ತುಂಡಾಗುವ ಬದಲು ಮಡಚಿಕೊಂಡು ನಡುವೆ ಸಿಕ್ಕಿಬೀಳುತ್ತದೆ. ಇದು ಎಡಚಿಗೆ ಅನುಭವದ ಮಾತು. ಐದನೇ ವಯಸ್ಸಿನಲ್ಲಿ ಶಾಲೆಯಲ್ಲಿ ಕಾಗದದ ಹೂವು ಕತ್ತರಿಸಲಾಗದೆ ಅತ್ತು ಬಂದವಳಿಗೆ ಅಪ್ಪ ಮೊದಲ ಎಡಗೈ ಕತ್ತರಿ ಮಾಡಿಕೊಟ್ಟಿದ್ದ. ಆ ಹೊತ್ತಿಗಾಗಲೇ ತಾಯಿ ತೀರಿಕೊಂಡಿದ್ದಳು, ಮನೆ ನೋಡಿಕೊಳ್ಳಲು ಬಂದಿದ್ದ ಅತ್ತೆ ಅವಳಿಗೆ ಇಟ್ಟ ಹೆಸರು ಎಡಚಿ, ಅದೇ ನಿಂತುಬಿಟ್ಟಿತ್ತು.

ಮೂರು ತಿಂಗಳ ಹಿಂದೆ ಕತ್ತರಿಯನ್ನು ಮಾರುಕಟ್ಟೆಗೆ ಏರಿಸಿದವಳೂ ಅವಳೇ. ಆರು ಕತ್ತರಿಗಳು ಎಣ್ಣೆ ಕಾಗದ ಹೊದ್ದು ಸಾಣೆಮನೆಯ ಹಲಗೆಯ ಮೇಲೆ ಕೂತಿದ್ದವು. ಒಂದೂ ಅಲುಗಾಡಿರಲಿಲ್ಲ.

ಅವಳು ಬಾಯಿ ತೊಳೆದುಕೊಂಡು ಬಂದು, ಮಾರುವವರಿಗೆಂದು ಇರುವ ಲೆಕ್ಕದ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆದಳು. ಇಷ್ಟು ದಿನ 'ಮಾರಾಟ: ಸೊನ್ನೆ' ಎಂಬುದನ್ನು ನೋಡಿಯೇ ಮುಚ್ಚಿಬಿಡುತ್ತಿದ್ದಳು. ಇವತ್ತು ಹಟ ಹಿಡಿದು ಕೆಳಕೆಳಗೆ ಇಳಿದಳು. ಅಲ್ಲೊಂದು ಸಾಲು ಕಂಡಿತು: ಈ ತಿಂಗಳು ತೆರೆದು ನೋಡಿದ್ದು, ಒಂಬೈನೂರ ಹನ್ನೆರಡು ಸಲ.

"ಅತ್ತೇ! ಒಂಬೈನೂರು ಸಲ ನೋಡಿದ್ದಾರೆ!"

"ಅಯ್ಯೋ ನನ್ನವ್ವಾ!" ಅತ್ತೆ ಸೌಟು ಹಿಡಿದುಕೊಂಡೇ ಬಂದಳು. "ಒಂಬೈನೂರು ಜನಾನಾ? ಮತ್ತೆ ಒಬ್ಬರಿಗೂ ಕೊಳ್ಳೋ ಮನಸ್ಸು ಬರಲಿಲ್ವಾ? ಕಲ್ಲು ಹೃದಯದವರು!"

ಯಾವ ಹೊತ್ತಿನಲ್ಲಿ ಎಷ್ಟು ಸಲ ನೋಡಿದರೆಂಬ ನಕ್ಷೆಯೂ ಇತ್ತು. ನೀಲಿ ಗೆರೆಯೊಂದು ದಿನವಿಡೀ ನೆಲಕ್ಕೆ ಅಂಟಿಕೊಂಡಿದ್ದು, ಕೆಲವೇ ಜಾಗಗಳಲ್ಲಿ ಗುಡ್ಡದ ಹಾಗೆ ಎದ್ದಿತ್ತು. ಬೆಳಗ್ಗೆ ಆರೂವರೆಗೆ ಒಂದು ಗುಡ್ಡ. ಹನ್ನೊಂದಕ್ಕೊಂದು. ಮಧ್ಯಾಹ್ನ ಮೂರಕ್ಕೆ ಚೂಪಾದದ್ದೊಂದು. ಎಡಚಿ ನೋಡುತ್ತಲೇ ಇದ್ದಳು. ಎಲ್ಲೋ ಕಂಡ ಮುಖದ ಹಾಗಿತ್ತು ಆ ಗೆರೆ. ಇದ್ದಕ್ಕಿದ್ದಂತೆ ಅವಳು ಅತ್ತೆಯತ್ತ ತಿರುಗಿದಳು.

"ಅತ್ತೆ, ನೀನು ದಿನಾ ಎಷ್ಟು ಹೊತ್ತಿಗೆ ನೋಡ್ತೀಯ?"

"ಎದ್ದ ತಕ್ಷಣ. ಆರೂವರೆ. ಯಾಕೆ?"

"ಎಷ್ಟು ಸಲ?"

"ಎಷ್ಟು ಅಂದ್ರೆ? ಹತ್ತೋ ಹದಿನೈದೋ. 'ಕತ್ತರಿ' ಅಂತ ಹೊಡೀತೀನಿ, ಹುಡುಕ್ಕೊಂಡು ಹೋಗ್ತೀನಿ, ಸಿಕ್ಕಿದ್ಮೇಲೆ ತೆಗೀತೀನಿ, ಕಣ್ತುಂಬ ನೋಡ್ತೀನಿ, ಮುಚ್ತೀನಿ. ಮತ್ತೆ ಹೊಡೀತೀನಿ. ನಮ್ಮದನ್ನ ನಾವೇ ನೋಡದಿದ್ರೆ ಇನ್ಯಾರು ನೋಡ್ತಾರೆ?"

ಹನ್ನೊಂದರ ಗುಡ್ಡ ಚಿಕ್ಕಮ್ಮನದು, ಮನೆಗೆಲಸ ಮುಗಿಸಿ ಕೂರುವ ಹೊತ್ತು. ಮೂರರದ್ದು ರಿಟೈರಾದ ದೊಡ್ಡಪ್ಪನದು, ನಿದ್ದೆಯಿಂದೆದ್ದು ಕನ್ನಡಕ ಹಾಕಿಕೊಳ್ಳುವ ಹೊತ್ತು. ಐದರ ಪುಟ್ಟ ದಿಬ್ಬ ಯಾರದೆಂದು ಎಡಚಿ ಕೇಳಬೇಕಾಗಲಿಲ್ಲ. ಸಾಣೆಚಕ್ರ ನಿಲ್ಲಿಸಿ ಕೈ ಒರೆಸಿಕೊಂಡು ಅಪ್ಪ ಚಹಾ ಕುಡಿಯುವ ಹೊತ್ತು ಅದು. ಗೊತ್ತಿಲ್ಲದವನ ಹಾಗೆ ಮುಖ ಮಾಡಿಕೊಂಡು ಅವನೂ ಕದ್ದು ನೋಡುತ್ತಿದ್ದ.

ಅವಳು ಮಾರುಕಟ್ಟೆಯ ಸಹಾಯದ ಪುಟಗಳನ್ನೆಲ್ಲ ಒಂದೇ ಉಸಿರಿಗೆ ಓದಿದಳು. ಸಣ್ಣ ಅಕ್ಷರದಲ್ಲಿ ಎಲ್ಲ ಬರೆದೇ ಇಟ್ಟಿದ್ದರು. ಹುಡುಕಿಕೊಂಡು ಬಂದವರು ತೆರೆದು ನೋಡಿಯೂ ಕೊಳ್ಳದೆ ಹೋಗುತ್ತಿದ್ದರೆ, ಇದು ಜನಕ್ಕೆ ಬೇಡದ ವಸ್ತು ಎಂದು ಯಂತ್ರ ತಿಳಿಯುತ್ತದೆ, ತಿಳಿದು ಹಿಂದಕ್ಕೆ ತಳ್ಳುತ್ತದೆ. ಅತ್ತೆ ದಿನಕ್ಕೆ ಹದಿನೈದು ಸಲ ಬಾಗಿಲು ತಟ್ಟಿ, ಒಳಗೆ ಇಣುಕಿ, ಏನೂ ಬೇಡವೆಂದು ಹೋಗಿದ್ದಳು. ಯಂತ್ರಕ್ಕೆ ಅತ್ತೆಯೆಂದರೆ ಯಾರೆಂದು ಏನು ಗೊತ್ತು?

"ಹಾಗಾದ್ರೆ..." ಅತ್ತೆಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕಿತು. "ನಮ್ಮ ಕಣ್ಣೇ ನಮಗೆ ತಗಲಿತಾ?"

"ಕಣ್ಣಲ್ಲ ಅತ್ತೆ, ಬೆರಳು!" ಎಡಚಿ ಎದ್ದು ಕುಣಿದೇಬಿಟ್ಟಳು. ದುಃಖಪಡಬೇಕಾದ ಸುದ್ದಿಗೆ ಇವಳು ಕುಣಿಯುವುದನ್ನು ನೋಡಿ ಅತ್ತೆ ಗಾಬರಿಯಾದಳು. "ಗೊತ್ತಾಗ್ಲಿಲ್ವಾ ನಿಂಗೆ? ಕತ್ತರಿ ಬೇಡ ಅಂತ ಯಾರೂ ಹೇಳೇ ಇಲ್ಲ! ಹೊರಗಿನವರು ಯಾರೂ ಅದನ್ನ ಇನ್ನೂ ನೋಡೇ ಇಲ್ಲ!"

ಹತ್ತು ನಿಮಿಷದಲ್ಲಿ ನೆಂಟರಿಗೆಲ್ಲ ಫೋನು ಹೋಯಿತು. ಚಿಕ್ಕಮ್ಮ ಕೆನ್ನೆ ಬಡಿದುಕೊಂಡಳು. ದೊಡ್ಡಪ್ಪನಿಗೆ ಮಾತ್ರ ಸಿಟ್ಟು ನೆತ್ತಿಗೇರಿತು. "ನನ್ನ ಫೋನು, ನನ್ನ ಕಣ್ಣು, ನನ್ನ ತಮ್ಮನ ಕತ್ತರಿ. ನೋಡಬೇಡ ಅನ್ನೋಕೆ ಅದ್ಯಾವನೇ ಯಂತ್ರ?" ಎಂದು ಗುಡುಗಿದ. "ದೊಡ್ಡಪ್ಪ, ಐದು ದಿನ ಉಪವಾಸ ಅಂದ್ಕೋ. ಆಮೇಲೆ ಬೇಕಾದಷ್ಟು ನೋಡು," ಎಂದು ಎಡಚಿ ಗೋಗರೆದ ಮೇಲೆ, "ಆಯ್ತಮ್ಮ, ಊಟನಾದ್ರೂ ಮಾಡಬಹುದು ತಾನೇ?" ಎಂದು ಫೋನಿಟ್ಟ. ಅತ್ತೆ ತನ್ನ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಅಟ್ಟದ ಮೇಲಿಟ್ಟು, ಏಣಿಯನ್ನು ಪಕ್ಕದ ಮನೆಗೆ ಕೊಟ್ಟುಬಂದಳು.

ಇನ್ನು ಹೊರಗಿನವರು ಬರುವ ದಾರಿಯಾಗಬೇಕಿತ್ತು. ಎಡಚಿ ಹುಡುಕುವ ಪೆಟ್ಟಿಗೆಯಲ್ಲಿ 'ಎಡಗೈ' ಎಂದಷ್ಟೇ ಬರೆದು ಬೆರಳು ಎತ್ತಿದಳು. ಕೆಳಗೆ ಪೆಟ್ಟಿಗೆ ತಾನೇ ಪದಗಳನ್ನು ಜೋಡಿಸಿತು. ಎಡಗೈ ಮಗುವಿಗೆ ಕತ್ತರಿ. ಎಡಗೈ ಟೈಲರ್ ಕತ್ತರಿ. ಎಡಗೈಯಲ್ಲಿ ಬಟ್ಟೆ ಕತ್ತರಿಸಲು. ಇವೆಲ್ಲ ಯಾರ್ಯಾರೋ, ಎಲ್ಲೆಲ್ಲೋ ಕೂತು ಕೇಳಿದ ಮಾತುಗಳು. ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟಾಗ ಆಚೆ ಒಂದು ಊರೇ ಪಿಸುಗುಟ್ಟುತ್ತಿರುವುದು ಕೇಳಿಸಿದಂತಾಯಿತು ಅವಳಿಗೆ. ಇಷ್ಟು ಜನ! ಇಷ್ಟು ಜನ ಎಡಚರು, ಎಡಚಿಯರು, ಅವರ ತಾಯಂದಿರು! ಅವರ್ಯಾರೂ ಹುಡುಕದ ಮಾತೊಂದೇ, ಅವಳ ಕತ್ತರಿಯ ಹಣೆಯ ಮೇಲಿದ್ದ ಹೆಸರು: 'ಅಪ್ಪಟ ಉಲ್ಟಾ ಕತ್ತರಿ'.

ಅವಳು ಸಾಣೆಮನೆಗೆ ಓಡಿದಳು. ಅಪ್ಪ ಚಕ್ರದ ಮುಂದೆ ಕೂತು ಯಾರದೋ ಚಾಕು ಮಸೆಯುತ್ತಿದ್ದ.

"ಅಪ್ಪ, ಹೆಸರು ಬದಲಾಯಿಸ್ಬೇಕು."

"ಯಾರದು?"

"ಕತ್ತರೀದು. ಉಲ್ಟಾ ಅನ್ನೋದು ತೆಗೀತೀನಿ."

ಚಕ್ರ ನಿಂತಿತು. "ಅದು ಕಸುಬಿನ ಹೆಸರು ಮಗಾ. ನಮ್ಮಪ್ಪನೂ ಉಲ್ಟಾ ಕತ್ತರಿ ಅಂತಲೇ ಅಂತಿದ್ದ. ಇರೋ ವಸ್ತೂಗೆ ಇರೋ ಹೆಸರು. ಮಾರಾಟ ಆಗ್ಲಿಲ್ಲ ಅಂತ ಹೆತ್ತ ಮಗೂಗೆ ಹೆಸರು ಬದಲಾಯಿಸ್ತಾರಾ?"

"ನಿಮಗೆ ಉಲ್ಟಾ ಅಪ್ಪ," ಎಂದಳು ಎಡಚಿ. "ನನಗೆ ಅದೇ ಸೀದಾ."

ಅಪ್ಪ ಚಾಕುವಿನ ಬಾಯನ್ನೇ ನೋಡುತ್ತ ಕೂತ. ಇಪ್ಪತ್ತು ವರ್ಷ ಒಂದೇ ಸೂರಿನಡಿ ಉಂಡರೂ ಈ ಮಾತು ಅವನ ತಲೆಗೆ ಹೊಳೆದಿರಲಿಲ್ಲ. "ಬದಲಾಯಿಸು," ಎಂದ ಕೊನೆಗೆ. ಚಕ್ರ ತಿರುಗಲು ಶುರುವಾದ ಮೇಲೆ ಗಟ್ಟಿಯಾಗಿ ಮತ್ತೆ ಹೇಳಿದ, "ಆ ಫೋಟೋನೂ ಬದಲಾಯಿಸು. ನನ್ನ ಬಲಗೈಲಿ ಹಿಡ್ಕೊಂಡಿದೀನಿ. ಮಂಗ ನಾನು."

ಚಿತ್ರಕ್ಕೆ ಎಡಚಿಯ ಎಡಗೈ ಬಂತು, ನೀಲಿ ಕಾಗದ ಬಂತು, ಕಾಗದದ ಮೇಲೆ ಅರ್ಧ ಕತ್ತರಿಸಿದ ಬಿಳಿ ಗೆರೆ ಸ್ಪಷ್ಟವಾಗಿ ಕಾಣಿಸಿತು. ಕಿಟಕಿಯ ಬಿಸಿಲು ಅಲಗಿಗೆ ಬೀಳುವ ಹಾಗೆ ಅತ್ತೆ ಹಿಂದೆ ನಿಂತು ಸ್ಟೀಲ್ ತಟ್ಟೆ ಹಿಡಿದಳು. ಹೆಸರು ಹೀಗಾಯಿತು: 'ಎಡಗೈ ಕತ್ತರಿ, ಮಕ್ಕಳಿಗೆ ಮತ್ತು ಟೈಲರುಗಳಿಗೆ, ಅಲಗು ಸಹಿತ ಎಡಗೈಗೆಂದೇ ಮಾಡಿದ್ದು'. ಕೆಳಗಿನ ವಿವರದಲ್ಲಿ 'ಶ್ರೇಷ್ಠ ಗುಣಮಟ್ಟ' ಎಂದಿದ್ದನ್ನು ಅಳಿಸಿ, 'ಕತ್ತರಿಸುವಾಗ ಗೆರೆ ಕಾಣುತ್ತದೆ, ಬಟ್ಟೆ ಮಡಚಿಕೊಳ್ಳುವುದಿಲ್ಲ' ಎಂದು ಬರೆದಳು.

ಮಂಗಳವಾರ ಬೆಳಗ್ಗೆ ನಕ್ಷೆಯ ಗುಡ್ಡಗಳೆಲ್ಲ ಮಾಯವಾಗಿ ಗೆರೆ ಕೆರೆಯ ನೀರಿನಂತೆ ಮಲಗಿತ್ತು. "ಕೈ ಕಡೀತಿದೆ ಕಣೇ," ಎಂದು ಅತ್ತೆ ಕುಳಿತಲ್ಲಿ ಕೂರಲಾರದೆ ಒರೆಸಿದ ನೆಲವನ್ನೇ ಒರೆಸಿದಳು. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ, ಮನೆಯ ಯಾರ ಹೊತ್ತೂ ಅಲ್ಲದ ಹೊತ್ತಿನಲ್ಲಿ, ಗೆರೆ ಒಂದು ಇರುವೆಯಷ್ಟು ಮೇಲೆದ್ದಿತು. ಯಾರೋ ನೋಡಿದ್ದರು. ಪಕ್ಕದಲ್ಲಿ ಇನ್ನೊಂದು ಇರುವೆ. ಲ್ಯಾಪ್‌ಟಾಪು ಹನಿ ಬಿದ್ದಂಥ ಒಂದು ಸದ್ದು ಮಾಡಿತು.

"ಆರ್ಡರ್! ಅಪ್ಪಾ! ಅತ್ತೇ! ಆರ್ಡರ್!"

ಅಪ್ಪ ಸಾಣೆಮನೆಯಿಂದ ಬರಿಗಾಲಲ್ಲಿ ಬಂದ. "ಯಾರು? ದೊಡ್ಡಪ್ಪ ಅಲ್ಲ ತಾನೇ?"

"ಅಲ್ಲ! ಗೊತ್ತಿಲ್ಲದ ಹೆಸರು! ನಮ್ಮೂರೇ, ರೈಲ್ವೆ ಗೇಟಿನ ಆಚೆ. ನಾಳೇನೇ ತಲುಪುತ್ತೆ!"

"ಗೊತ್ತಿಲ್ಲದವರು," ಎಂದು ಅಪ್ಪ ನಿಧಾನವಾಗಿ ಹೇಳಿದ, ಬಾಯಿಗೆ ಸಿಹಿ ಹಾಕಿಕೊಂಡವನ ಹಾಗೆ. "ಗೊತ್ತೇ ಇಲ್ಲದವರು ನೋಡು."

ಏಣಿ ವಾಪಸು ತರಲು ಹೊರಟ ಅತ್ತೆಯನ್ನು ಎಡಚಿ ಸೆರಗು ಹಿಡಿದು ನಿಲ್ಲಿಸಿದಳು. ಗುರುವಾರ ಇನ್ನೆರಡು ಬಂದವು. ಆ ಸಂಜೆ 'ಎಡಗೈ ಕತ್ತರಿ' ಎಂದು ಹುಡುಕಿದರೆ ಕತ್ತರಿ ಎರಡನೇ ಪುಟದಲ್ಲಿದೆಯೆಂದು ಲೆಕ್ಕದ ಪುಟವೇ ಹೇಳಿತು. ಶುಕ್ರವಾರ ಮೊದಲ ಪುಟ, ಐದನೇ ಸಾಲು. ಆರೂ ಕತ್ತರಿ ಮಾರಿಹೋಗಿ ಹಲಗೆಯ ಮೇಲಿನ ಎಣ್ಣೆ ಕಾಗದಗಳು ಬರಿದಾದವು, ಆರ್ಡರುಗಳು ಮಾತ್ರ ಬರುತ್ತಲೇ ಇದ್ದವು. ಹೇಳದೆ ಕೇಳದೆ ಅಪ್ಪ ಬೆಳಗಿನಿಂದಲೇ ಹೊಸ ಅಲಗುಗಳನ್ನು ಚಕ್ರಕ್ಕೆ ಹಿಡಿದ.

ಶನಿವಾರ ಹತ್ತು ಗಂಟೆಗೆ ಚಿಕ್ಕಪ್ಪ ಬಂದ. ಮಾತಿನಂತೆ ಬಂದವನು, ಕುತ್ತಿಗೆಗೆ ಅಳತೆಯ ಟೇಪು ಸುತ್ತಿಕೊಂಡೇ ಬಂದಿದ್ದ. ಸಾಣೆಮನೆಯ ಹೊಸ್ತಿಲು ದಾಟಿದವನಿಗೆ ನಿಲ್ಲಲು ಜಾಗವಿರಲಿಲ್ಲ, ನೆಲದ ತುಂಬ ರಟ್ಟಿನ ಪೆಟ್ಟಿಗೆಗಳು, ಅಂಟು ಪಟ್ಟಿ, ವಿಳಾಸದ ಚೀಟಿಗಳು.

"ಏನಣ್ಣ ಇದು, ಮದುವೆ ಮನೆ ಹಾಗಿದೆ? ಗೋಡೆ ಅಳೀಬೇಕಿತ್ತಲ್ಲ ನಾನು?"

"ಆ ಪೆಟ್ಟಿಗೆ ಮೇಲೆ ಕಾಲಿಡಬೇಡ್ವೋ, ದೂರದೂರಿಗೆ ಹೋಗೋದು ಅದು!" ಎಂದು ಅತ್ತೆ ಗದರಿದಳು. "ನಿಂತಿದ್ದೀಯಲ್ಲ, ಆ ಟೇಪು ಕೊಡು ಇಲ್ಲಿ. ಪೆಟ್ಟಿಗೆ ಉದ್ದ ಅಗಲ ಬರೀಬೇಕಂತೆ. ನಮ್ಮನೇಲಿ ಅಳೆಯೋಕೆ ಬರೋದು ನಿನಗೊಬ್ಬನಿಗೇ."

ಚಿಕ್ಕಪ್ಪ ಅಣ್ಣನ ಮುಖ ನೋಡಿದ. ಅಣ್ಣ ತಲೆಯೆತ್ತದೆ ಅಲಗು ಮಸೆಯುತ್ತಲೇ ಇದ್ದ. ಚಿಕ್ಕಪ್ಪ ಪಂಚೆ ಎತ್ತಿಕಟ್ಟಿ ಕುಕ್ಕರುಗಾಲಲ್ಲಿ ಕೂತ. "ಉದ್ದ ಇಪ್ಪತ್ತೆರಡು. ಬರ್ಕೋ ಎಡಚಿ," ಎಂದ.

ಆಗಲೇ ಎಡಚಿಯ ಫೋನಿಗೆ ಮಾರುಕಟ್ಟೆಯಿಂದ ಒಂದು ಸುದ್ದಿ ಬಂತು. ರೈಲ್ವೆ ಗೇಟಿನ ಆಚೆಯ ಮೊದಲ ಗಿರಾಕಿ ತನ್ನ ಅನಿಸಿಕೆ ಹಾಕಿದ್ದಳು. ಐದು ನಕ್ಷತ್ರ, ಮಾತೊಂದೂ ಇಲ್ಲ, ಒಂದು ಚಿತ್ರ ಮಾತ್ರ. ಕೆಂಪು ಕಾಗದದಿಂದ ಕತ್ತರಿಸಿದ ಒಂದು ಮೀನು. ಬಾಲ ಸೊಟ್ಟ, ಹೊಟ್ಟೆ ದಪ್ಪ, ಕಣ್ಣಿನ ಜಾಗದಲ್ಲಿ ಪೆನ್ಸಿಲಿನ ದೊಡ್ಡ ಸುತ್ತು. ಅದರ ಪಕ್ಕ, ಚೌಕಟ್ಟಿನೊಳಗೆ ಅರ್ಧ ಮಾತ್ರ ಬಂದಿದ್ದ ಪುಟ್ಟ ಎಡಗೈ.

ಎಡಚಿ ಫೋನನ್ನು ಅಪ್ಪನ ಮುಂದೆ ಹಿಡಿದಳು. ಅವನು ಚಕ್ರ ನಿಲ್ಲಿಸಿ, ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡ. ಎರಡು ಬೆರಳಿನಿಂದ ಮೀನನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಬಾಗಿಲ ಬೆಳಕಿನತ್ತ ತಿರುಗಿ, ಕಣ್ಣು ಕಿರಿದಾಗಿಸಿ, ಕೆಂಪು ಕಾಗದದ ಅಂಚಿನಗುಂಟ ಗಾಜಿನ ಮೇಲೆ ಹೆಬ್ಬೆರಳ ಉಗುರನ್ನು ಮೆಲ್ಲಗೆ ಎಳೆದುಕೊಂಡು ಹೋದ, ತನ್ನ ಅಲಗು ತಪ್ಪಿ ಎಲ್ಲಾದರೂ ನಾರು ಎದ್ದಿದೆಯೇ ಎಂದು.