ಹಸಿರು ಟೋಪಿ

ನಾನು ಒಂದೇ ಒಂದು ಸಲ ಸೀನಿದ್ದಕ್ಕೆ ಇಡೀ ಹಾಸಿಗೆ ಕಾರ್ಖಾನೆ ನಿಂತುಹೋಯಿತು. ಹತ್ತಿ ಹಿಂಜುವ ಯಂತ್ರದಿಂದ ಹಿಡಿದು ಮ್ಯಾನೇಜರರ ತಲೆಯ ಮೇಲಿನ ಫ್ಯಾನಿನವರೆಗೆ ಎಲ್ಲವೂ ಗಪ್‌ಚುಪ್. ನಂಬದಿದ್ದರೆ ಬಿಡಿ. ನನ್ನ ಸೀನೂ ಅಂಥದ್ದೇ, ನನ್ನ ಹೊಲಿಗೆಯೂ ಅಂಥದ್ದೇ. ನಾನು ಅಂಚು ಹೊಲಿದ ಹಾಸಿಗೆಯ ಮೇಲೆ ಮಲಗಿದವರು ಭೂಕಂಪವಾದರೂ ಮಗ್ಗುಲು ಬದಲಾಯಿಸುವುದಿಲ್ಲ.

ಆ ವಾರ ಮಾತ್ರ ನನಗೇ ನಿದ್ದೆ ಇರಲಿಲ್ಲ.

"ದಿನವೆಲ್ಲ ಹಾಸಿಗೆ ಮಾಡ್ತೀರಿ, ಒಂದರ ಮೇಲೆ ನೆಟ್ಟಗೆ ಮಲಗೋಕೆ ಬರಲ್ವಲ್ರೀ," ಎಂದಳು ಹೆಂಡತಿ ಭಾನುವಾರ ಬೆಳಿಗ್ಗೆ. "ಹೊರಳಿ ಹೊರಳಿ ಹೊದಿಕೆ ಹಗ್ಗ ಆಗಿದೆ ನೋಡಿ."

"ಹಾಸಿಗೆ ಪರೀಕ್ಷೆ ಮಾಡ್ತಿದ್ದೆ ಕಣೇ. ಅದೂ ನನ್ನ ಕೆಲಸಾನೇ."

"ಆ ಕೆಲಸ ಉಳಿಯುತ್ತೆ ತಾನೇ?"

ನಾನು ಹೊದಿಕೆಯ ಹಗ್ಗ ಬಿಡಿಸತೊಡಗಿದೆ. ನಮ್ಮಲ್ಲಿ ಹೊಸಬರಿಗೆ ಹಳದಿ ಟೋಪಿ, ಕಾಯಂ ಆದವರಿಗೆ ನೀಲಿ. ಎರಡು ಹೊಲಿಗೆ ಸಾಲುಗಳಲ್ಲಿ ಒಂದನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಹರಿದಾಡುತ್ತಿತ್ತು. ಮುಚ್ಚಿದರೆ ಮನೆಗೆ ಹೋಗುವವರು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ, ತಲೆ ನೋಡಿದರೆ ಸಾಕು. ಹಿಂದಿನ ಕೆಲಸ ಹೀಗೇ ಹೋದ ಮೇಲೆ ಊರು ಬಿಟ್ಟು ಇಲ್ಲಿಗೆ ಬಂದವರು ನಾವು. ಮಗಳಿಗೆ ಹೊಸ ಶಾಲೆಯಲ್ಲಿ ಈಗಷ್ಟೇ ಒಬ್ಬಳು ಗೆಳತಿ ಸಿಕ್ಕಿದ್ದಳು.

"ಇನ್ನೊಂದ್ಸಲ ಗಂಟುಮೂಟೆ ಕಟ್ಟೋಕೆ ನನ್ನ ಕೈಲಾಗಲ್ಲ, ಈಗಲೇ ಹೇಳಿದೀನಿ," ಎಂದು ಹೆಂಡತಿ ಚೀಲ ಹಿಡಿದು ತರಕಾರಿಗೆ ಹೋದಳು.

ಬಾಗಿಲು ಮುಚ್ಚಿದ್ದೇ ತಡ, ನಾನು ಬಚ್ಚಲಿಗೆ ನುಗ್ಗಿದೆ. ಪರದೆಗೆ ಹಾಕಿ ಉಳಿದಿದ್ದ ನೀಲಿ ಬಣ್ಣದ ಪುಡಿಯನ್ನು ಬಿಸಿನೀರಿಗೆ ಸುರಿದು ನನ್ನ ಹಳದಿ ಟೋಪಿಯನ್ನು ಅದ್ದಿದೆ. ನನ್ನಂಥ ತಲೆ ಈ ಭೂಮಿಯ ಮೇಲೆ ಇನ್ನೊಂದಿಲ್ಲ ಎಂದು ಬೀಗುತ್ತಾ ಎತ್ತಿ ನೋಡಿದರೆ ಟೋಪಿ ಗಿಳಿಯ ಹಾಗೆ ಹಚ್ಚಹಸಿರು!

ಹೆಂಡತಿ ಬಂದವಳು ತಂತಿಯ ಮೇಲೆ ತೊಟ್ಟಿಕ್ಕುತ್ತಿದ್ದ ಟೋಪಿ ನೋಡಿದಳು, ನನ್ನ ಬೆರಳು ನೋಡಿದಳು.

"ಹಳದಿಗೆ ನೀಲಿ ಬಿದ್ರೆ ಏನಾಗುತ್ತೆ ಅಂತ ನಿಮ್ಮ ಮಗಳನ್ನ ಕೇಳಿದ್ರೂ ಹೇಳ್ತಿದ್ಲು."

"ಗೊತ್ತಿದ್ದೇ ಹಾಕಿದ್ದು. ಎಲ್ಲಾ ಲೆಕ್ಕಾಚಾರ."

ಅವಳು ನಗಲಿಲ್ಲ. ತರಕಾರಿ ಚೀಲ ಅಲ್ಲೇ ಇಟ್ಟು ಬಚ್ಚಲು ತೊಳೆಯಲು ಕೂತಳು.

ಸೋಮವಾರ ಹಸಿರು ಟೋಪಿ ಹಾಕಿಕೊಂಡೇ ಹೋದೆ. ಬೇರೆ ದಾರಿ ಇರಲಿಲ್ಲ. ನನ್ನ ಪಕ್ಕದ ಮೆಷಿನ್ನಿನವರನ್ನು ಎಲ್ಲರೂ ಹೊಸತಾತ ಎನ್ನುತ್ತಿದ್ದರು. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಕೆಲಸಕ್ಕೆ ಸೇರಿದ್ದು ಎಲ್ಲರಿಗಿಂತ ಈಚೆಗೆ.

"ಇದ್ಯಾವ ಬಣ್ಣಪ್ಪಾ?" ಎಂದರು.

"ಮೇಲಿನವರು ಕೊಟ್ಟಿದ್ದು. ಎಲ್ಲರಿಗೂ ಕೊಡಲ್ಲ ತಾತ."

ಅಷ್ಟೇ ನಾನು ಹೇಳಿದ್ದು. ಊಟದ ಹೊತ್ತಿಗೆ ಎಲ್ಲರ ಬಾಯಲ್ಲಿ ನಾನು ಕೆಲಸ ಪರೀಕ್ಷಿಸಲು ಬಂದ ಗುಟ್ಟಿನ ಅಧಿಕಾರಿಯಾಗಿದ್ದೆ. ನೀಲಿ ಟೋಪಿಯವರು ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು. ಹೊಸತಾತ ಮೆಲ್ಲಗೆ ಬಂದು, "ನನ್ನ ಹೊಲಿಗೆ ಬಗ್ಗೆ ಮೇಲೆ ಒಂದು ಒಳ್ಳೇ ಮಾತು ಹೇಳಪ್ಪಾ. ಈ ವಯಸ್ಸಲ್ಲಿ ಇನ್ನೆಲ್ಲಿ ಹುಡುಕಲಿ?" ಎಂದರು.

"ನೋಡೋಣ ತಾತ," ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು. ಆಮೇಲೆ ಅರ್ಧ ಊಟಕ್ಕೇ ಡಬ್ಬಿ ಮುಚ್ಚಿಟ್ಟೆ.

ಮಧ್ಯಾಹ್ನ ಮ್ಯಾನೇಜರ್ ಬಂದರು. "ಹಳದಿ ಟೋಪಿಯವರೆಲ್ಲ ಈ ಗೋಡೆ ಕಡೆ ಬನ್ನಿ," ಎಂದರು. ಹೊಸತಾತ ಮೆಷಿನ್ನಿನ ಮೇಲಿನ ದೂಳು ಒರೆಸಿ, ಕನ್ನಡಕ ಜೇಬಿಗೆ ಹಾಕಿಕೊಂಡು ಹೊರಟರು. ಹೋಗುತ್ತಾ ನನ್ನ ಕಡೆ ತಿರುಗಿದರು, ನಾನು ಏನೋ ಹೇಳುತ್ತೇನೆಂಬ ಹಾಗೆ. ನಾನು ಹಾಸಿಗೆ ರಾಶಿಯ ಹಿಂದೆ ನಿಂತೇ ಇದ್ದೆ. ಅಷ್ಟರಲ್ಲಿ ಸೀನು ಬಂತು.

ಎಲ್ಲರೂ ತಿರುಗಿದರು.

"ಅವರು ಯಾರು? ಯಾವ ಬಣ್ಣ ಅದು?" ಎಂದರು ಮ್ಯಾನೇಜರ್.

ಒಂದು ಭರ್ಜರಿ ಸುಳ್ಳಿಗೆ ಬಾಯಿ ತೆರೆದೆ. ಬೆವರು ಹಣೆಯಿಂದ ಮೂಗಿಗೆ ಇಳಿದು, ಎದುರಿನ ಬಿಳಿ ಹಾಸಿಗೆಯ ಮೇಲೆ ತೊಟ್ಟಿಕ್ಕಿತು. ಹಸಿರು ಬೊಟ್ಟು. ಇನ್ನೊಂದು. ನೀಲಿ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಬಣ್ಣ ಹಾಕಿದ್ದು ನಾನೇ ಸಾರ್, ಮನೆ ಬಚ್ಚಲಲ್ಲಿ," ಎಂದೆ. "ನಾನೂ ಹೊಸಬನೇ."

ಟೋಪಿ ತೆಗೆದು ಗೋಡೆಯ ಕಡೆ ನಡೆದೆ. ಹೊಸತಾತ ನನ್ನ ಹಣೆ ನೋಡಿ ಕರವಸ್ತ್ರ ಕೊಟ್ಟರು. ಸ್ವಲ್ಪ ಸರಿದು ಜಾಗ ಮಾಡಿದರು.

ಒಂದನ್ನು ಒಪ್ಪಿಕೊಂಡ ಮೇಲೆ ಇನ್ನೊಂದು ನಿಜವನ್ನೂ ಹೇಳಿಬಿಡುತ್ತೇನೆ. ಸೀನಿದ್ದಕ್ಕೆ ಕಾರ್ಖಾನೆ ನಿಲ್ಲಲಿಲ್ಲ. ಮ್ಯಾನೇಜರ್ ಒಳಗೆ ಬರುವಾಗಲೇ ಕರೆಂಟಿನ ಗುಂಡಿ ಒತ್ತಿಸಿದ್ದರು, ಎಲ್ಲ ಯಂತ್ರಗಳೂ ಆಗಲೇ ನಿಂತಿದ್ದವು. ನಾನು ಸೀನಿದ್ದು ಆಮೇಲೆ. ನನ್ನ ಮೆಷಿನ್ನಿನಲ್ಲಿ ಹಾಸಿಗೆಯೊಂದು ಮೂರು ಅಂಚು ಮುಗಿಸಿ ನಾಲ್ಕನೆಯದರ ನಡುವೆ ನಿಂತಿತ್ತು, ಸೂಜಿ ಇನ್ನೂ ಒಳಗೇ ಇತ್ತು. ಮೇಲಿನಿಂದ ಹತ್ತಿಯ ದೂಳು ಮೆಲ್ಲಗೆ ಅದರ ಮೇಲೆ ಇಳಿಯುತ್ತಿತ್ತು.